ಒಂದು ಡ್ಯಾಕ್, ಎರಡು ಜೊತೆ ಸ್ಪೀಕರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ತುಂಬಾ ಪತ್ರಗಳು ಒಂದೇ ವಿಷಯದ ಸುತ್ತ ಬಂದಿವೆ, ಕಂಪ್ಯೂಟರ್ ಪಕ್ಕ ಇಡೋ ಡ್ಯಾಕ್, ಅದರಲ್ಲೂ ಬ್ಯಾಲೆನ್ಸ್ಡ್ ಔಟ್‌ಪುಟ್ ಇರೋದು. ಡ್ಯಾಕ್ ಅಂದ್ರೆ ಕಂಪ್ಯೂಟರ್‌ನಲ್ಲಿ ಅಂಕಿಗಳಾಗಿ ಕೂತಿರೋ ಹಾಡನ್ನ ಸ್ಪೀಕರಿಗೆ ಅರ್ಥ ಆಗೋ ವಿದ್ಯುತ್ ಅಲೆಯಾಗಿ ಬದಲಾಯಿಸೋ ಡಬ್ಬ. ಬ್ಯಾಲೆನ್ಸ್ಡ್ ಅಂದ್ರೆ ದಾರಿಯಲ್ಲಿ ಸೇರೋ ಗದ್ದಲ ಕಳೆಯೋಕೆ ಒಂದೊಂದು ಚಾನೆಲ್‌ಗೂ ಎರಡು ಸಿಗ್ನಲ್ ತಂತಿ ಇರೋ ಜೋಡಣೆ, ಅದಕ್ಕೆ ಬಳಸೋ ಮೂರು ಪಿನ್‌ನ ದುಂಡು ಪ್ಲಗ್ಗೇ ಎಕ್ಸ್‌ಎಲ್‌ಆರ್. ಮನೆ ಸಾಮಾನುಗಳಲ್ಲಿ ಇರೋ, ಬ್ಯಾಲೆನ್ಸ್ಡ್ ಅಲ್ಲದ ಸಣ್ಣ ಪ್ಲಗ್ಗು ಆರ್‌ಸಿಎ. ಆಕ್ಟಿವ್ ಮಾನಿಟರ್ ಅಂದ್ರೆ ಒಳಗೇ ಆಂಪ್ಲಿಫೈಯರ್ ಇರೋ ಸ್ಪೀಕರ್. ಆದಷ್ಟು ಬಿಡಿಸಿ ಬರ್ದಿದೀನಿ, ಮೊದಲನೇ ಉತ್ತರ ಸ್ವಲ್ಪ ಉದ್ದ ಆಗಿದೆ, ಆದ್ರೆ ಉಳಿದವರ ಅರ್ಧ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ.

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮ ತಂದೆಯವರು ರೇಡಿಯೋದಿಂದ ಕ್ಯಾಸೆಟ್‌ನಾಗ ಹಿಡಿದಿಟ್ಟ ಹಿಂದೂಸ್ತಾನಿ ಗಾಯನ ಒಂದು ಟ್ರಂಕ್ ತುಂಬ ಅದಾವ. ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ಸ್ವಚ್ಛ ಮಾಡಾಕತ್ತೀನಿ. ಟೇಬಲ್ ಮ್ಯಾಲೆ ಒಂದ್ ಜೋಡಿ ಆಕ್ಟಿವ್ ಮಾನಿಟರ್ ಅದಾವ, ಹಾಲ್‌ನಾಗ ಪವರ್ ಆಂಪ್ಲಿಫೈಯರ್ ಮತ್ತ ದೊಡ್ಡ ಸ್ಪೀಕರ್ ಅದಾವ, ಎರಡಕ್ಕೂ ಎಕ್ಸ್‌ಎಲ್‌ಆರ್ ಇನ್‌ಪುಟ್ ಐತಿ. ಎರಡು ಜೋಡಿ ಎಕ್ಸ್‌ಎಲ್‌ಆರ್ ಔಟ್ ಇರೋ ಡ್ಯಾಕ್ ಹುಡುಕಿ ಹುಡುಕಿ ಸಾಕಾತ್ರಿ. 30 ಸಾವಿರದೊಳಗ ಯಾವುದು ತಗೊಳ್ಳಲಿ ಹೇಳ್ರಿ.
— ಧಾರವಾಡದ ಓದುಗರು

ಉತ್ತರ: ಮೊದಲು ಒಂದು ಮಾತು, ಆ ಟ್ರಂಕ್‌ನ ದಯವಿಟ್ಟು ಒಣಗಿದ ಜಾಗದಲ್ಲಿಡಿ, ಸ್ಪೀಕರ್ ಹತ್ರ ಇಡ್ಬೇಡಿ. ಸ್ಪೀಕರ್‌ನ ಆಯಸ್ಕಾಂತ ಕ್ಯಾಸೆಟ್‌ಗೆ ಒಳ್ಳೇದಲ್ಲ. ರೇಡಿಯೋದಲ್ಲಿ ಒಂದೇ ಸಲ ಬಂದು ಹೋದ ಗಾಯನ ನಿಮ್ಮನೆಯಲ್ಲಿ ಬಿಟ್ಟು ಬೇರೆಲ್ಲೂ ಉಳಿದಿಲ್ದೇ ಇರಬಹುದು.

ಈಗ ನಿಮ್ಮ ಪ್ರಶ್ನೆಗೆ. ನಿಮ್ಗೆ ಸಿಗದೇ ಇದ್ದಿದ್ದು ಹುಡುಕಾಟದ ತಪ್ಪಲ್ಲ, ಆ ಬೆಲೆಗೆ ಎರಡು ಜೊತೆ ಎಕ್ಸ್‌ಎಲ್‌ಆರ್ ಇರೋ ಡ್ಯಾಕ್ ಸಿಗೋದೇ ಕಷ್ಟ. ಟೇಬಲ್ ಮೇಲಿನ ಡ್ಯಾಕ್‌ಗಳ ಹಿಂಬದಿ ನೋಡಿದ್ರೆ ಸಾಮಾನ್ಯವಾಗಿ ಒಂದು ಜೊತೆ ಎಕ್ಸ್‌ಎಲ್‌ಆರ್ ಮತ್ತೆ ಒಂದು ಜೊತೆ ಆರ್‌ಸಿಎ ಇರತ್ತೆ, ಮುಂದೆ ಹೆಡ್‌ಫೋನ್ ತೂತುಗಳಿರ್ತವೆ, ಅಷ್ಟೇ. ಇಲ್ಲಿ ತುಂಬಾ ಜನ ಎಡವೋ ವಿಷಯ ಒಂದಿದೆ, ತೂತು ಎರಡಿದ್ರೆ ದಾರಿ ಎರಡಿದೆ ಅಂತಲ್ಲ. ಎಕ್ಸ್‌ಎಲ್‌ಆರ್‌ನಲ್ಲೂ ಆರ್‌ಸಿಎನಲ್ಲೂ ಬರೋದು ಅದೇ ಎಡ, ಅದೇ ಬಲ, ವಾಲ್ಯೂಮ್ ಕೂಡ ಒಂದೇ ಗುಂಡಿಗೆ ಕಟ್ಟಿರತ್ತೆ. ಕೆಲವು ಮಾಡೆಲ್‌ನಲ್ಲಿ ಎರಡೂ ಒಟ್ಟಿಗೆ ಬರತ್ತೆ, ಕೆಲವದ್ರಲ್ಲಿ ಮೆನುಗೆ ಹೋಗಿ ಒಂದನ್ನ ಆರಿಸ್ಬೇಕು. ಹಾಗಾಗಿ ನೀವು ನಿಮ್ಮನ್ನೇ ಕೇಳ್ಕೋಬೇಕಾದ ಪ್ರಶ್ನೆ ಏನಂದ್ರೆ, ಟೇಬಲ್ಲು ಹಾಲು ಎರಡೂ ಕಡೆ ಒಂದೇ ಹಾಡು ಒಂದೇ ಮಟ್ಟದಲ್ಲಿ ಬಂದ್ರೆ ಸಾಕಾ, ಅಥವಾ ಒಂದನ್ನ ಮುಚ್ಚಿ ಇನ್ನೊಂದನ್ನ ಕೇಳ್ಬೇಕಾ, ಅಥವಾ ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಬೇಕಾ.

ಒಂದೇ ಹಾಡು ಸಾಕು ಅಂದ್ರೆ ಎರಡು ಜೊತೆ ಔಟ್‌ಪುಟ್ಟೇ ಬೇಡ. ಒಂದು ಎಕ್ಸ್‌ಎಲ್‌ಆರ್‌ನಿಂದ ಎರಡು ಕವಲು ಒಡೆಯೋ ವೈ ಕೇಬಲ್ ಸಾಕು. ಸದ್ದು ಅರ್ಧ ಆಗತ್ತೆ ಅಂತ ಭಯ ಪಡ್ತಾರೆ, ಆಗಲ್ಲ. ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಸಿಗ್ನಲ್‌ಗೆ ಒಡ್ಡೋ ತಡೆ, 100 ಓಮ್ ಅಂತ ಇಟ್ಕೊಳ್ಳಿ, ಮಾನಿಟರ್‌ದು 10 ಸಾವಿರ ಓಮ್, ಆಂಪ್ಲಿಫೈಯರ್‌ದೂ ಅಷ್ಟೇ ಅಂದ್ರೆ ಎರಡೂ ಸೇರಿ 5 ಸಾವಿರ ಓಮ್ ಆಯ್ತು, ಲೆಕ್ಕ ಹಾಕಿದ್ರೆ ಮೊದಲಿಗಿಂತ ಹೆಚ್ಚುವರಿ ನಷ್ಟ 0.1 ಡೆಸಿಬೆಲ್ ಕೂಡ ಬರಲ್ಲ, ಯಾವ ಕಿವಿಗೂ ಗೊತ್ತಾಗಲ್ಲ. ಪಿನ್ 1ಕ್ಕೆ 1, 2ಕ್ಕೆ 2, 3ಕ್ಕೆ 3, ಹಾಗೇ ಬೆಸುಗೆ. ಹುಬ್ಬಳ್ಳಿ-ಧಾರವಾಡದಲ್ಲಿ ಗಣೇಶನ ಪೆಂಡಾಲಿಗೆ, ಮದುವೆಗೆ ಸೌಂಡ್ ಹಾಕೋರು ಯಾರನ್ನಾದ್ರೂ ಕೇಳಿ, ಈ ಕೆಲಸ ಅವರ ಕೈಗೆ ಕೂತುಬಿಟ್ಟಿರತ್ತೆ. ಆದ್ರೆ ಉಲ್ಟಾ ಮಾತ್ರ ಯಾವತ್ತೂ ಮಾಡ್ಬೇಡಿ, ಎರಡು ಔಟ್‌ಪುಟ್ ಸೇರಿಸಿ ಒಂದು ಇನ್‌ಪುಟ್‌ಗೆ ಕೊಡೋದು, ಒಂದು ಇನ್ನೊಂದನ್ನ ತಳ್ಳೋಕೆ ಹೋಗಿ ಎರಡೂ ಕೆಡಬಹುದು. ವೈ ಕೇಬಲ್‌ನಲ್ಲಿ ಇನ್ನೊಂದು ಸಣ್ಣ ತೊಂದರೆ ಇದೆ, ಹಾಲ್‌ನ ಆಂಪ್ಲಿಫೈಯರ್ ಆಫ್ ಮಾಡಿದಾಗ ಕೆಲವು ಆಂಪ್‌ಗಳ ಇನ್‌ಪುಟ್ ಸಿಗ್ನಲ್‌ನ ಎಳೆದು ಟೇಬಲ್ ಮಾನಿಟರ್‌ನಲ್ಲಿ ಸದ್ದು ಒಡೆದ ಹಾಗೆ ಮಾಡತ್ತೆ. ಹಾಗಾದ್ರೆ ಆ ಕಡೆ ಕೇಬಲ್ ಕಿತ್ತಿಡಿ.

ಒಂದು ಮುಚ್ಚಿ ಒಂದು ತೆಗೀಬೇಕು ಅಂದ್ರೆ ಮ್ಯಾಕಿ ಕಂಪನಿಯ ಬಿಗ್ ನಾಬ್ ಪ್ಯಾಸಿವ್ ತರದ ಮಾನಿಟರ್ ಕಂಟ್ರೋಲರ್ ಬರತ್ತೆ, ಕರೆಂಟ್ ಬೇಡ, ದೊಡ್ಡ ವಾಲ್ಯೂಮ್ ಗುಂಡಿ, ಎ ಬಿ ಸ್ವಿಚ್, ಎರಡು ಜೊತೆ ಸ್ಪೀಕರಿಗೆ ಬ್ಯಾಲೆನ್ಸ್ಡ್ ಔಟ್. ಒಂದು ಜೊತೆ ಎಕ್ಸ್‌ಎಲ್‌ಆರ್ ಇರೋ ಸಾಧಾರಣ ಡ್ಯಾಕ್ ಜೊತೆ ಇದನ್ನ ಸೇರಿಸಿದ್ರೆ ನೀವು ಕೇಳಿದ್ದು ಸಿಕ್ಕ ಹಾಗೇ. ಪ್ಯಾಸಿವ್ ಆಗಿರೋದ್ರಿಂದ ಅದರಿಂದ ಮುಂದಕ್ಕೆ ತುಂಬಾ ಉದ್ದದ ಕೇಬಲ್ ಎಳೀಬೇಡಿ, ಹಾಲ್ ದೂರ ಇದ್ರೆ ಇದು ಅಷ್ಟು ಸರಿ ಹೋಗಲ್ಲ.

ಇಷ್ಟೆಲ್ಲ ಹೇಳಿದ್ಮೇಲೆ ನನಗೆ ಅನ್ನಿಸಿದ್ದನ್ನ ನೇರವಾಗಿ ಹೇಳ್ತೀನಿ, ನೀವು ಡ್ಯಾಕ್ ತಗೊಳ್ಳೋದೇ ಬೇಡ. ಯಾಕಂದ್ರೆ ನಿಮ್ಮ ಪತ್ರದಲ್ಲಿ ಇರೋ ದೊಡ್ಡ ಕೆಲಸ ಕೇಳೋದಲ್ಲ, ಕ್ಯಾಸೆಟ್‌ನ ಒಳಗೆ ತಗೊಳ್ಳೋದು, ಡ್ಯಾಕ್‌ಗೆ ಆ ಕಡೆ ಬಾಗಿಲೇ ಇರಲ್ಲ. ಈಗ ನೀವು ಮದರ್‌ಬೋರ್ಡ್‌ನ ಲೈನ್ ಇನ್ ತೂತಿಗೆ ಕ್ಯಾಸೆಟ್ ಡೆಕ್ ಸಿಕ್ಕಿಸಿರಬೇಕು ಅಂದ್ಕೊಂಡಿದೀನಿ, ಅಲ್ಲಿ ಕಂಪ್ಯೂಟರ್ ಒಳಗಿನ ಗದ್ದಲ ಎಲ್ಲಾ ಗಾಯನದ ಜೊತೆ ಫೈಲ್‌ಗೆ ಸೇರ್ಕೊಂಡುಬಿಡತ್ತೆ, ಆಮೇಲೆ ಎಂಥ ಡ್ಯಾಕ್ ಹಾಕಿದ್ರೂ ಅದು ಹೋಗಲ್ಲ. ನಿಮ್ಗೆ ಬೇಕಾಗಿರೋದು ನಾಲ್ಕು ಇನ್ ನಾಲ್ಕು ಔಟ್ ಇರೋ ಆಡಿಯೋ ಇಂಟರ್‌ಫೇಸ್, ಅಂದ್ರೆ ಸದ್ದನ್ನ ಕಂಪ್ಯೂಟರ್ ಒಳಗೂ ತಗೊಳ್ಳೋ, ಹೊರಗೂ ಕಳಿಸೋ ಡಬ್ಬ. ಫೋಕಸ್‌ರೈಟ್‌ನ ಸ್ಕಾರ್ಲೆಟ್ 4ಐ4, ಮೋಟು ಕಂಪನಿಯ ಎಂ4, ಎರಡೂ ಈ ಜಾತಿಯವು. ಎರಡರಲ್ಲೂ ಹಿಂದೆ ನಾಲ್ಕು ಬ್ಯಾಲೆನ್ಸ್ಡ್ ಟಿಆರ್‌ಎಸ್ (ಕಾಲು ಇಂಚಿನ ಜ್ಯಾಕ್) ಔಟ್‌ಪುಟ್ ಇವೆ, ಅಂದ್ರೆ ಎರಡು ಜೊತೆ, ಮತ್ತೆ ಇವು ನಿಜವಾಗ್ಲೂ ಎರಡು ಬೇರೆ ದಾರಿಗಳು, ಒಂದು ಮತ್ತು ಎರಡಕ್ಕೆ ಒಂದು ಹಾಡು, ಮೂರು ಮತ್ತು ನಾಲ್ಕಕ್ಕೆ ಬೇರೆ ಹಾಡು ಕಳಿಸಬಹುದು. ಕ್ಯಾಸೆಟ್ ಡೆಕ್‌ಗೆ ಲೈನ್ ಇನ್‌ಪುಟ್ಟೂ ಇದೆ. ಅಂಗಡಿಯಲ್ಲಿ ಇವತ್ತಿನ ಬೆಲೆ ಕೇಳಿ, ನಿಮ್ಮ ಬಜೆಟ್‌ಗೆ ಯಾವುದು ಹತ್ತಿರವೋ ಅದು. ಎರಡರಲ್ಲಿ ಯಾವುದು ತಗೊಂಡ್ರೂ ನಾನು ಬೇಡ ಅನ್ನಲ್ಲ.

ಟಿಆರ್‌ಎಸ್ ನೋಡಿ ಇದು ಎಕ್ಸ್‌ಎಲ್‌ಆರ್ ಅಲ್ವಲ್ಲ ಅಂತ ಬೇಜಾರಾಗ್ಬೇಡಿ. ಮೂಗು ಬೇರೆ, ಒಳಗಿನ ಮೂರು ತಂತಿ ಅದೇ. ಟಿಆರ್‌ಎಸ್‌ನ ತುದಿ ಎಕ್ಸ್‌ಎಲ್‌ಆರ್‌ನ ಪಿನ್ 2ಕ್ಕೆ, ಮಧ್ಯದ ಉಂಗುರ ಪಿನ್ 3ಕ್ಕೆ, ಬುಡ ಪಿನ್ 1ಕ್ಕೆ, ಈ ಕೇಬಲ್ ರೆಡಿಮೇಡ್ ಸಿಗತ್ತೆ. ಕೊಳ್ಳುವಾಗ ಟಿಆರ್‌ಎಸ್ ಮೇಲೆ ಎರಡು ಕಪ್ಪು ಗೆರೆ ಇದೆಯಾ ನೋಡಿ, ಒಂದೇ ಗೆರೆ ಇದ್ರೆ ಅದು ಗಿಟಾರ್ ಕೇಬಲ್, ಅದರಲ್ಲಿ ಬ್ಯಾಲೆನ್ಸ್ಡ್ ಬರಲ್ಲ.

ಹುಷಾರಾಗಿರಬೇಕಾದ ಜಾಗ ಇದು: ಇಂಥ ಇಂಟರ್‌ಫೇಸ್ ಹೆಚ್ಚಿನವುಗಳಲ್ಲಿ ಮುಂದಿನ ದೊಡ್ಡ ಗುಂಡಿ ಮೊದಲ ಜೊತೆ ಔಟ್‌ಪುಟ್‌ನ ಮಾತ್ರ ಏರಿಸಿ ಇಳಿಸತ್ತೆ, ಮೂರು ನಾಲ್ಕರಲ್ಲಿ ಪೂರ್ತಿ ಮಟ್ಟ ಹೋಗ್ತಾ ಇರತ್ತೆ. ನಿಮ್ಮ ಹಾಲ್‌ನ ಪವರ್ ಆಂಪ್ಲಿಫೈಯರ್‌ಗೆ ತನ್ನದೇ ವಾಲ್ಯೂಮ್ ಇಲ್ಲ ಅಂದ್ರೆ, ಮೊದಲ ದಿನ ಗೊತ್ತಿಲ್ದೇ ಹಾಡು ಹಾಕಿದ್ರೆ ಮನೆಯವರೆಲ್ಲ ಬೆಚ್ಚಿಬೀಳ್ತಾರೆ, ಸ್ಪೀಕರ್‌ನಲ್ಲಿ ಮೇಲಿನ ಸ್ವರ ನುಡಿಸೋ ಟ್ವೀಟರ್ ಕೂಡ ಹೋಗಬಹುದು. ಅದಕ್ಕೆ ಗುಂಡಿ ಕೆಲಸ ಮಾಡೋ ಒಂದು-ಎರಡನ್ನ ಹಾಲ್‌ಗೆ ಕೊಡಿ. ಮೂರು-ನಾಲ್ಕನ್ನ ಟೇಬಲ್ ಮಾನಿಟರಿಗೆ ಕೊಡಿ, ಮಾನಿಟರ್ ಹಿಂದೆ ಹೇಗೂ ಅದರದ್ದೇ ವಾಲ್ಯೂಮ್ ಇರತ್ತೆ, ಸಾಫ್ಟ್‌ವೇರ್‌ನಲ್ಲೂ ಇಳಿಸಬಹುದು. ಅಂಗಡಿಯವರು ಹೇಳೋದು ಇದರ ಉಲ್ಟಾ, ಮಾನಿಟರ್ ಅಂದ್ರೆ ಒಂದು-ಎರಡಕ್ಕೇ ಅಂತ. ನಿಮ್ಮ ಮನೆಗೆ ನಾನು ಹೇಳಿದ್ದೇ ಸರಿ.

ಮಾನಿಟರ್ ಹಿಂದೆ +4 ಮತ್ತು -10 ಅಂತ ಸ್ವಿಚ್ ಇದ್ಯಾ ನೋಡಿ, ಜೆಬಿಎಲ್ 305ಪಿ ತರದವುಗಳಲ್ಲಿ ಇರತ್ತೆ. +4 ಅಂದ್ರೆ ಸ್ಟುಡಿಯೋ ಮಟ್ಟ, ಸುಮಾರು 1.23 ವೋಲ್ಟ್, -10 ಅಂದ್ರೆ ಮನೆ ಸಾಮಾನಿನ ಮಟ್ಟ, ಸುಮಾರು 0.32 ವೋಲ್ಟ್. ಬ್ಯಾಲೆನ್ಸ್ಡ್ ಕೊಡುವಾಗ +4ರಲ್ಲಿಡಿ. ಅದನ್ನ -10ರಲ್ಲಿ ಬಿಟ್ಟು, ಸ್ವಲ್ಪ ಗುಂಡಿ ತಿರುಗಿಸಿದ್ರೂ ಜೋರಾಗತ್ತೆ, ಶಬ್ದದ ಹಿಂದೆ ಸುಯ್ ಅಂತ ಬರತ್ತೆ ಅಂತ ಡ್ಯಾಕ್‌ನ ಬೈಯೋರನ್ನ ತುಂಬಾ ನೋಡಿದೀನಿ.

ಕ್ಯಾಸೆಟ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ದೆ ಇರೋಕಾಗಲ್ಲ. ಪ್ರತಿ ನಾಲ್ಕೈದು ಕ್ಯಾಸೆಟ್‌ಗೆ ಒಂದ್ಸಲ ಡೆಕ್‌ನ ಹೆಡ್‌ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಮತ್ತೆ ಪ್ರತಿ ಕ್ಯಾಸೆಟ್‌ಗೂ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಅಜಿಮತ್, ಅಂದ್ರೆ ಟೇಪಿಗೆ ಹೆಡ್ ನಿಂತಿರೋ ಓರೆ, ಹೊಂದಿಸಿ. ಒಂದೊಂದು ಕ್ಯಾಸೆಟ್ಟು ಒಂದೊಂದು ಡೆಕ್‌ನಲ್ಲಿ ರೆಕಾರ್ಡ್ ಆಗಿರತ್ತೆ, ತಂಬೂರಿಯ ಮೇಲಿನ ಸ್ವರಗಳು ಮಬ್ಬಾಗಿದ್ದು ಆ ಸ್ಕ್ರೂ ಸ್ವಲ್ಪ ತಿರುಗಿಸಿದ ಕೂಡಲೇ ತೆರೆದುಕೊಳ್ಳತ್ತೆ, ಆ ಕ್ಷಣ ಕೇಳಿದೋರಿಗೇ ಗೊತ್ತು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಕ್ಯಾಸೆಟ್‌ಗೆ ಅದು ಧಾರಾಳ ಆಯ್ತು.

ಪ್ರಶ್ನೆ: ಸರ್, ನಮ್ದು ಡೆಸ್ಕ್‌ಟಾಪ್ ಉಂಟು, ಅದಕ್ಕೆ ಸಣ್ಣ ಡ್ಯಾಕ್, ಅದರ ಆರ್‌ಸಿಎಯಿಂದ ಆಕ್ಟಿವ್ ಸ್ಪೀಕರಿಗೆ ವಯರ್. ಮೌಸ್ ಅಲ್ಲಾಡಿಸಿದ್ರೆ ಸ್ಪೀಕರಲ್ಲಿ ಚಿರ್ ಚಿರ್ ಅಂತ ಬರ್ತದೆ, ಗೇಮ್ ಓಪನ್ ಮಾಡಿದ್ರೆ ಇನ್ನೂ ಜೋರು. ಲ್ಯಾಪ್‌ಟಾಪಿಗೆ ಹಾಕಿದ್ರೆ ಏನೂ ಇಲ್ಲ. ಪ್ಲಗ್ಗಿನ ಅರ್ಥ್ ಪಿನ್ ತೆಗೀರಿ, ಸರಿಯಾಗ್ತದೆ ಅಂತ ಒಬ್ರು ಹೇಳಿದ್ರು. ಹಾಗೆ ಮಾಡಬಹುದಾ, ಅಲ್ಲ ಬ್ಯಾಲೆನ್ಸ್ಡ್ ಡ್ಯಾಕ್ ತಗೊಳ್ಬೇಕಾ?
— ಮಂಗಳೂರಿನ ಓದುಗರು

ಉತ್ತರ: ಅರ್ಥ್ ಪಿನ್ ತೆಗೀಬೇಡಿ. ಒಳಗೆ ಎಲ್ಲಾದ್ರೂ ಫೇಸ್ ತಂತಿ ಕ್ಯಾಬಿನೆಟ್‌ಗೆ ತಾಗಿದ್ರೆ ಫ್ಯೂಸ್ ಹಾರಿಸಿ ನಿಮ್ಮನ್ನ ಉಳಿಸೋದೇ ಆ ಪಿನ್ನು, 230 ವೋಲ್ಟ್ ಜೊತೆ ಯಾರ ಸಲಹೆಯೂ ಬೇಡ. ನಿಮ್ಮ ಕಡೆ ಮಳೆಗಾಲದ ತೇವ ಬೇರೆ ಇದೆ.

ನಿಮ್ಮ ತೊಂದರೆ ಏನಂದ್ರೆ ಅರ್ಥಿಂಗ್‌ಗೆ ಎರಡು ದಾರಿ ಆಗಿ ಒಂದು ವರ್ತುಲ ಆಗಿದೆ. ಕಂಪ್ಯೂಟರಿಗೆ ಮೂರು ಪಿನ್ ಪ್ಲಗ್, ಸ್ಪೀಕರಿಗೂ ಮೂರು ಪಿನ್, ಅಲ್ಲಿ ಗೋಡೆಯೊಳಗೆ ಎರಡೂ ಸೇರ್ತವೆ. ಇಲ್ಲಿ ಯುಎಸ್‌ಬಿ ಕೇಬಲ್‌ನ ನೆಲ (ಗ್ರೌಂಡ್) ತಂತಿ, ಡ್ಯಾಕ್, ಆರ್‌ಸಿಎಯ ಹೊರ ಜಾಲರಿ, ಹೀಗೆ ಇನ್ನೊಂದು ಕಡೆಯೂ ಸೇರ್ತವೆ. ಗ್ರಾಫಿಕ್ಸ್ ಕಾರ್ಡ್ ಕರೆಂಟ್ ಎಳೆದಾಗೆಲ್ಲ ಆ ವರ್ತುಲದಲ್ಲಿ ಸಣ್ಣ ಪ್ರವಾಹ ಹರಿಯತ್ತೆ, ಆರ್‌ಸಿಎನಲ್ಲಿ ಆ ಜಾಲರಿಯೇ ಸಿಗ್ನಲ್‌ನ ಅರ್ಧ ದಾರಿ ಆಗಿರೋದ್ರಿಂದ ಗದ್ದಲನೂ ಹಾಡಿನ ಜೊತೆ ಸೇರ್ಕೊಳತ್ತೆ. ಬ್ಯಾಟರಿ ಮೇಲಿರೋ ಲ್ಯಾಪ್‌ಟಾಪ್‌ಗೆ ಅರ್ಥ್ ಇಲ್ಲ, ವರ್ತುಲ ಕತ್ತರಿಸಿಹೋಗತ್ತೆ, ಅದಕ್ಕೇ ಶಾಂತ.

ಬ್ಯಾಲೆನ್ಸ್ಡ್‌ನಲ್ಲಿ ಹಾಡು ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಹೋಗತ್ತೆ, ಜಾಲರಿ ಬರೀ ಕಾವಲು. ದಾರಿಯಲ್ಲಿ ಸೇರಿದ ಗದ್ದಲ ಎರಡು ತಂತಿಯಲ್ಲೂ ಒಂದೇ ಸಮ ಇರೋದ್ರಿಂದ ಸ್ಪೀಕರ್ ಒಂದರಿಂದ ಇನ್ನೊಂದನ್ನ ಕಳೆದಾಗ ಅದು ಸೊನ್ನೆ ಆಗತ್ತೆ. ಇದಕ್ಕೆ ಎರಡೂ ತಂತಿಯಲ್ಲಿ ಹಾಡು ಇರಲೇಬೇಕು ಅಂತೇನಿಲ್ಲ, ಎರಡು ತಂತಿಯ ಇಂಪೀಡೆನ್ಸ್ ಸಮ ಇದ್ರೆ ಸಾಕು. ಹಾಗಾಗಿ ಇಂಪೀಡೆನ್ಸ್ ಬ್ಯಾಲೆನ್ಸ್ಡ್ ಅಂತ ಬರ್ದಿರೋ ಅಗ್ಗದ ಡಬ್ಬನೂ ನಿಮ್ಮ ಈ ಕೆಲಸಕ್ಕೆ ಆಗತ್ತೆ, ಅದು ನಕಲಿ ಬ್ಯಾಲೆನ್ಸ್ಡ್ ಅಂತ ಹೇಳೋರ ಮಾತು ಕೇಳ್ಬೇಡಿ.

ದುಡ್ಡು ಹಾಕೋ ಮುಂಚೆ ಎರಡು ಕೆಲಸ ಮಾಡಿ ನೋಡಿ. ಕಂಪ್ಯೂಟರ್ರು ಸ್ಪೀಕರ್ರು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ, ಬೇರೆ ಬೇರೆ ಗೋಡೆಯ ಸಾಕೆಟ್‌ನಿಂದ ಬೇಡ. ಆಮೇಲೆ ನಿಮ್ಮ ಸ್ಪೀಕರ್ ಹಿಂದೆ ಎಕ್ಸ್‌ಎಲ್‌ಆರ್ ಅಥವಾ ಟಿಆರ್‌ಎಸ್ ಇನ್‌ಪುಟ್ ಇದೆಯಾ ನೋಡಿ, ಅದು ಇಲ್ಲ ಅಂದ್ರೆ ಬ್ಯಾಲೆನ್ಸ್ಡ್ ಡ್ಯಾಕ್ ತಂದೂ ಉಪಯೋಗ ಇಲ್ಲ, ಕಳೆಯೋ ಕೆಲಸ ಮಾಡೋದು ಸ್ಪೀಕರ್ ಕಡೆ. ನಮ್ಮ ಮನೆಯಲ್ಲೂ ಇದೇ ಚಿರ್ ಚಿರ್ ಇತ್ತು, ತಿಂಗಳುಗಟ್ಟಲೆ ಯುಎಸ್‌ಬಿ ಕೇಬಲ್ ಬದಲಾಯಿಸ್ತಾ ಕೂತಿದ್ದೆ, ಕೊನೆಗೆ ಒಂದು ಜೊತೆ ಟಿಆರ್‌ಎಸ್ ಕೇಬಲ್ ಹಾಕಿದ ದಿನ ರೂಮ್ ಎಷ್ಟು ನಿಶ್ಶಬ್ದ ಆಯ್ತು ಅಂದ್ರೆ ಸ್ಪೀಕರ್ ಆನ್ ಇದೆಯಾ ಅಂತ ಹತ್ರ ಹೋಗಿ ನೋಡಿದೆ.

ಪ್ರಶ್ನೆ: ನನ್ನ ಡ್ಯಾಕ್‌ನ ಮುಂದೆ 4.4 ಎಂಎಂ ಬ್ಯಾಲೆನ್ಸ್ಡ್ ಹೆಡ್‌ಫೋನ್ ತೂತು ಇದೆ, ಹಿಂದೆ ಆರ್‌ಸಿಎ ಮಾತ್ರ. 4.4ರಿಂದ ಎರಡು ಆರ್‌ಸಿಎ ಆಗೋ ಕೇಬಲ್ ಆನ್‌ಲೈನ್‌ನಲ್ಲಿ ಸಿಗ್ತಿದೆ, ಅದರಿಂದ ಇನ್ನೊಂದು ಆಂಪ್ಲಿಫೈಯರ್‌ಗೆ ಕೊಡಬಹುದಾ?
— ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಬೇಡಮ್ಮ, ದಯವಿಟ್ಟು ಆ ಕೇಬಲ್ ತರಿಸ್ಬೇಡಿ. ಬ್ಯಾಲೆನ್ಸ್ಡ್ ಹೆಡ್‌ಫೋನ್ ಔಟ್‌ಪುಟ್‌ನಲ್ಲಿ ಎಡ ಬಲ ಎರಡರ ಮೈನಸ್ ತಂತಿಗೂ ಹಿಂದೆ ಒಂದೊಂದು ಆಂಪ್ಲಿಫೈಯರ್ ಕೂತಿರತ್ತೆ. ಆರ್‌ಸಿಎಗೆ ಕೊಟ್ಟ ತಕ್ಷಣ ಆ ಎರಡು ಮೈನಸ್ಸೂ ನೆಲಕ್ಕೆ ಸೇರಿ ಶಾರ್ಟ್ ಆಗತ್ತೆ, ಡ್ಯಾಕ್ ಸುಟ್ಟುಹೋಗಬಹುದು. ಬ್ಯಾಲೆನ್ಸ್ಡ್ ಅನ್ನೋ ಪದ ಎರಡು ಕಡೆ ಎರಡು ಅರ್ಥದಲ್ಲಿ ಬಳಸ್ತಾರೆ, ಗೊಂದಲ ಹುಟ್ಟೋದೇ ಇಲ್ಲಿ. ಹಿಂದಿನ ಲೈನ್ ಔಟ್‌ನಲ್ಲಿ ಅದು ಗದ್ದಲ ಕಳೆಯೋಕೆ, ಮುಂದಿನ ಹೆಡ್‌ಫೋನ್ ತೂತಲ್ಲಿ ಅದು ವೋಲ್ಟೇಜ್ ಇಮ್ಮಡಿ ಮಾಡೋಕೆ. ಹಾಗಂತ 4.4 ತೂತೆಲ್ಲ ಹೆಡ್‌ಫೋನಿಗೇ ಅಂತಲೂ ಅಲ್ಲ, ಐಫೈ ಕಂಪನಿಯ ಜೆನ್ ಡ್ಯಾಕ್‌ನ ಹಿಂದೆ ಇರೋ 4.4 ಲೈನ್ ಔಟ್ಟೇ, ಅದರಿಂದ ಎರಡು ಎಕ್ಸ್‌ಎಲ್‌ಆರ್ ಆಗೋ ಕೇಬಲ್ ಹಾಕಿ ಮಾನಿಟರಿಗೆ ಕೊಡಬಹುದು. ನಿಮ್ಗೆ ಬೇಕಾಗಿರೋದಕ್ಕೆ ಹಿಂದಿನ ಆರ್‌ಸಿಎಯಿಂದಲೇ ವೈ ಕೇಬಲ್ ಸಾಕು, ಕಡಿಮೆ ಖರ್ಚು.

ಪ್ರಶ್ನೆ: ಇಎಸ್‌ಎಸ್ ಚಿಪ್ ಇರೋ ಡ್ಯಾಕ್ ಒಳ್ಳೇದಾ, ಎಕೆಎಂ ಚಿಪ್ ಇರೋದಾ? ಎಕೆಎಂ ಸದ್ದು ಮೃದು, ಇಎಸ್‌ಎಸ್ ಸದ್ದು ಚೂಪು ಅಂತಾರೆ.
— ಬೆಂಗಳೂರು, ಬಸವನಗುಡಿ

ಉತ್ತರ: ಇಎಸ್‌ಎಸ್, ಎಕೆಎಂ ಎರಡೂ ಡ್ಯಾಕ್ ಒಳಗಿನ ಮುಖ್ಯ ಚಿಪ್ ಮಾಡೋ ಕಂಪನಿಗಳು. ಜರ್ಮನಿಯ ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ಕಥೆ ಕೇಳಿ, ಇದಕ್ಕೆ ಅದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಮೊದಲು ಅದರಲ್ಲಿ ಎಕೆಎಂನ 4490 ಇತ್ತು, ಆಮೇಲೆ 4493 ಬಂತು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಚಿಪ್ ಸಿಗೋದೇ ನಿಂತುಹೋದಾಗ ಅವರು ಇಎಸ್‌ಎಸ್ ಚಿಪ್‌ಗೆ ಬದಲಾಯಿಸಿದ್ರು. ಡಬ್ಬ ಅದೇ, ಹೆಸರು ಅದೇ, ಒಳಗೆ ಮಾತ್ರ ಮೂರು ಬೇರೆ ಬೇರೆ ಚಿಪ್. ಹೆಸರು ಬದಲಾಯಿಸದೇ ಹೀಗೆ ಮಾಡೋಕೆ ಸಾಧ್ಯ ಆಗಿದ್ದು ಯಾಕಂದ್ರೆ ಚಿಪ್ ಸುತ್ತ ಇರೋ ಪವರ್ ಸಪ್ಲೈ, ಔಟ್‌ಪುಟ್ ಹಂತ, ಕ್ಲಾಕ್, ಇವನ್ನೆಲ್ಲ ಸರಿಯಾಗಿ ಮಾಡೋರಿಗೆ ಚಿಪ್ ಒಂದು ಬಿಡಿಭಾಗ ಅಷ್ಟೇ. ಒಳ್ಳೆ ಡ್ಯಾಕ್‌ಗಳು ಇವತ್ತು ಮಾಪನದಲ್ಲಿ ಹಾಡಿಗೂ ಗದ್ದಲಕ್ಕೂ ನಡುವೆ 120 ಡೆಸಿಬೆಲ್ ಆಸುಪಾಸು ಅಂತರ ಮುಟ್ತವೆ, ಬಸವನಗುಡಿಯಲ್ಲಿ ಕಿಟಕಿ ಮುಚ್ಚಿದ ರೂಮಿನ ಫ್ಯಾನ್ ಸದ್ದೇ ಅದರ ಎಷ್ಟೋ ಪಾಲನ್ನ ಮುಚ್ಚಿಬಿಡತ್ತೆ. ಚಿಪ್ ಹೆಸರಿಗೆ ಕೊಡೋ ದುಡ್ಡನ್ನ ಔಟ್‌ಪುಟ್‌ಗಳು, ವಾಲ್ಯೂಮ್ ಗುಂಡಿ, ರಿಮೋಟ್, ಇಲ್ಲೇ ರಿಪೇರಿ ಮಾಡಿಕೊಡೋ ಸರ್ವಿಸ್, ಇವಕ್ಕೆ ಕೊಡಿ. ಎಸ್‌ಪಿ ರೋಡ್‌ನಲ್ಲೇ ಆಗ್ಲಿ ಆನ್‌ಲೈನ್‌ನಲ್ಲೇ ಆಗ್ಲಿ, ಬಿಲ್ಲು ಮತ್ತೆ ಭಾರತದ ವಾರಂಟಿ ಕಾರ್ಡ್ ಇಲ್ದೇ ಡ್ಯಾಕ್ ತಗೋಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕೊಂಡ ಡ್ಯಾಕ್‌ನ ಮುಂದಿನ ತಿಂಗಳು ಮೈಸೂರಿಗೆ ವಾಪಸ್ ಬರುವಾಗ ತರ್ತಿದೀನಿ. ಅಪ್ಪನ ಮನೆಯ ಆಂಪ್ಲಿಫೈಯರ್‌ಗೆ ಎಕ್ಸ್‌ಎಲ್‌ಆರ್ ಇಲ್ಲ, ಆರ್‌ಸಿಎ ಮಾತ್ರ. ಪ್ಲಗ್ ಬದಲಾಯಿಸಿದ್ರೆ ಸಾಕಾ?
— ಫ್ರೀಮಾಂಟ್‌ನ ಓದುಗರು

ಉತ್ತರ: ಪ್ಲಗ್ ಬದಲಾಯಿಸೋ ಮುಂಚೆ ಅಡಾಪ್ಟರ್ ಮೇಲಿನ ಸಣ್ಣಕ್ಷರ ಓದಿ. 100ರಿಂದ 240 ವೋಲ್ಟ್ ಅಂತ ಇದ್ರೆ ಚಿಂತೆ ಇಲ್ಲ, ಪ್ಲಗ್ ಕನ್ವರ್ಟರ್ ಸಾಕು. 120 ವೋಲ್ಟ್ ಮಾತ್ರ ಅಂತ ಇದ್ರೆ, ಅದರಲ್ಲೂ ಅಡಾಪ್ಟರ್ ಇಟ್ಟಿಗೆ ತರ ಭಾರ ಇದ್ರೆ ಅದರೊಳಗೆ ಟ್ರಾನ್ಸ್‌ಫಾರ್ಮರ್ ಇದೆ, ಮೈಸೂರಿನ 230 ವೋಲ್ಟ್‌ಗೆ ಹಾಕಿದ್ರೆ ಹೋಯ್ತು. ಔಟ್‌ಪುಟ್ ಎಸಿಯಾ ಡಿಸಿಯಾ, ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರ್ಕೊಂಡು ಅದೇ ಅಳತೆಯ 230 ವೋಲ್ಟ್ ಅಡಾಪ್ಟರ್ ತಗೊಳ್ಳಿ. ಹಿಂಬದಿಯಲ್ಲಿ 115 ಮತ್ತು 230ರ ಕೆಂಪು ಸ್ವಿಚ್ ಇದ್ರೆ ಊರಿಗೆ ಬಂದು ಆನ್ ಮಾಡೋ ಮುಂಚೆ ಅದನ್ನ ತಿರುಗಿಸಿ.

ಅಪ್ಪನ ಆಂಪ್‌ಗೆ ಡ್ಯಾಕ್‌ನ ಆರ್‌ಸಿಎ ಔಟ್ಟಿಂದಲೇ ಕೊಡಿ. ಎಕ್ಸ್‌ಎಲ್‌ಆರ್‌ನಿಂದ ಆರ್‌ಸಿಎಗೆ ಅಡಾಪ್ಟರ್ ಹಾಕೋದ್ರಲ್ಲಿ ಲಾಭ ಏನೂ ಇಲ್ಲ, ಅದರಲ್ಲಿ ಪಿನ್ 3ನ್ನ ನೆಲಕ್ಕೆ ಸೇರಿಸಿರ್ತಾರೆ, ಕೆಲವು ಡ್ಯಾಕ್‌ಗಳಿಗೆ ಅದು ಆಗಿಬರಲ್ಲ. ಆರ್‌ಸಿಎನಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಬರತ್ತೆ, ಮನೆ ಆಂಪ್ಲಿಫೈಯರ್‌ಗಳು ಸಿಡಿ ಪ್ಲೇಯರ್ ಕಾಲದಿಂದ ಕಾಯ್ತಾ ಇರೋದೂ ಅದನ್ನೇ. ಎಕ್ಸ್‌ಎಲ್‌ಆರ್ ಔಟ್‌ಪುಟ್ ಖಾಲಿ ಇರ್ಲಿ, ಮುಂದೆ ಒಂದು ಜೊತೆ ಮಾನಿಟರ್ ತಂದ್ರೆ ಆಗ ಬಳಸಬಹುದು.